ಆರನೆಯ ತಟ್ಟೆ

ಹಲ್ಲಿನ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ನಿಮಗೆ ನಗು ಬಂದರೆ ನಗಿ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ. ಬೇಜಾರು ಮಾಡಿಕೊಳ್ಳುವುದನ್ನು ಅವಳು ಎಂದೋ ಬಿಟ್ಟಿದ್ದಳು. ಉದ್ದನೆಯ ಕೋಣೆ, ಕಿಟಕಿಗುಂಟ ಬೆಂಚು, ಬೆಂಚಿನ ಮೇಲೆ ಕತ್ತು ಬಾಗಿಸುವ ದೀಪಗಳು, ಮೂಲೆಯಲ್ಲಿ ರೇಡಿಯೋ ಗಾತ್ರದ ಕುಲುಮೆ. ಡಾಕ್ಟರರ ಕಡೆಯಿಂದ ಬಾಯಿಯ ಅಚ್ಚು ಬರುತ್ತಿತ್ತು, ಜೊತೆಗೆ ಬಣ್ಣದ ನಂಬರು. ಅವಳು ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದ ತುದಿಯಿಂದ ಪದರದ ಮೇಲೆ ಪದರ ಏರಿಸಿ, ಕಾಗದದಿಂದ ಒದ್ದೆ ಹೀರಿಸಿ, ಕುಲುಮೆಗೆ ಇಡುತ್ತಿದ್ದಳು. ಆ ಊರಿನಲ್ಲಿ ಹಲ್ಲು ಕಿರಿಯುವವರಲ್ಲಿ ಬಹಳ ಮಂದಿ ಅವಳು ಮಾಡಿದ ಹಲ್ಲನ್ನೇ ಕಿರಿಯುತ್ತಿದ್ದರು. ಅವಳ ಅತ್ತೆಯ ಎರಡು ಸಾಲು ಹಲ್ಲೂ ಅವಳದೇ ಕೈಕೆಲಸ. ಸೊಸೆಯನ್ನು ಬೈಯುವಾಗ ಕೂಡ ಅಲ್ಲಾಡದಂತೆ ಅಚ್ಚುಕಟ್ಟಾಗಿ ಕೂರಿಸಿದ್ದಳು.

ಇಂಥವಳಿಗೆ ಜಪಾನಿನ ಹಳೆಯ ಪಿಂಗಾಣಿಯ ಹುಚ್ಚು. ಹಗಲೆಲ್ಲ ಪಿಂಗಾಣಿಯಲ್ಲೇ ಕೈಯಾಡಿಸಿ, ರಜೆಯ ದಿನ ಮತ್ತೆ ಪಿಂಗಾಣಿ ಹುಡುಕಿಕೊಂಡು ಹೋಗುವುದೆಂದರೆ ಏನು ಹೇಳೋಣ. ಹಜಾರದಲ್ಲಿ ಗೋಡೆ ತುಂಬುವ ಗಾಜಿನ ಬೀರು, ಅದರಲ್ಲಿ ನೀಲಿ ಬಣ್ಣದ ಬಟ್ಟಲು, ಅಂಚಿಗೆ ಕಂದು ಬಳಿದ ತಟ್ಟೆ, ಕೆಂಪು-ಚಿನ್ನದ ಹೂವು ಬರೆದ ಮುಚ್ಚಳದ ಪಾತ್ರೆ, ಹೆಬ್ಬೆಟ್ಟಿನಷ್ಟು ಕುಳಿಯ ಸಾಸ್ ಬಟ್ಟಲು. ಪಕ್ಕದ ಮನೆಯ ಟೈಲರಮ್ಮ ಬಂದಾಗಲೆಲ್ಲ ಬೀರುವಿನ ಮುಂದೆ ನಿಂತು ಮೂಗು ಮುರಿಯುತ್ತಿದ್ದಳು. "ಇಷ್ಟೊಂದು ತಟ್ಟೆ ಇಟ್ಕೊಂಡು ಸ್ಟೀಲ್ ತಟ್ಟೇಲಿ ಉಣ್ತೀರಲ್ಲ, ನಿಮಗೆ ಏನು ಹೇಳೋದು?" ಹಲ್ಲಕ್ಕನ ಉತ್ತರ ಒಂದೇ. "ಏನೋ, ಸಿಕ್ಕಿದ್ದನ್ನ ತರ್ತೀನಿ."

ಅದು ಸುಳ್ಳು. ಅವಳು ಸಿಕ್ಕಿದ್ದನ್ನು ತರುತ್ತಿರಲಿಲ್ಲ, ಸಿಗದೇ ಇದ್ದುದನ್ನು ಹುಡುಕುತ್ತಿದ್ದಳು. ಬೀರುವಿನಲ್ಲಿ ತುಂಬಿದ್ದೆಲ್ಲ ಆ ಹುಡುಕಾಟದಲ್ಲಿ ಕೈಗೆ ಅಂಟಿಕೊಂಡು ಬಂದದ್ದು, ಅಷ್ಟೆ. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ತಟ್ಟೆ. ಎರಡು ಅಂಗೈ ಅಗಲದ್ದು, ನೀಲಿ ಅಲೆ, ಅಲೆಯ ಮೇಲೆ ಹಾರುವ ಮೊಲ, ಮೊಲ ಹಿಂದಕ್ಕೆ ತಿರುಗಿ ನೋಡುತ್ತಿರಬೇಕು. ಅಂಥವು ಮನೆಯಲ್ಲಿ ಐದಿದ್ದವು. ಆರನೆಯದನ್ನು ತಂದು ಮೇಜಿನ ಮೇಲಿಟ್ಟು, "ತಗೊಳ್ಳಿ ಅತ್ತೆ, ಲೆಕ್ಕ ಸರಿಹೋಯ್ತು" ಎನ್ನಬೇಕು, ಅತ್ತೆ "ಸರಿಹೋಯ್ತು" ಎನ್ನಬೇಕು. ಇದಕ್ಕಾಗಿ ಅವಳ ಕೂದಲು ನೆರೆತಿತ್ತು.

ಕಥೆ ಶುರುವಾದದ್ದು ಅವಳು ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ. ಮಾವ ಹಡಗಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರು, ಅವಳು ಬರುವುದಕ್ಕೆ ಮೊದಲೇ ತೀರಿಕೊಂಡಿದ್ದರು. ಜಪಾನಿನ ಯಾವುದೋ ಬಂದರಿನಿಂದ ಆ ತಟ್ಟೆಗಳನ್ನು ಟ್ರಂಕಿನಲ್ಲಿ, ಅಂಗಿಗಳ ನಡುವೆ ಸುತ್ತಿ ತಂದಿದ್ದರು. ಸ್ಟೋರ್‌ಕೀಪರನ ಮನೆ ಎಂದ ಮೇಲೆ ಕೇಳಬೇಕೆ, ಎಲ್ಲವೂ ಅರ್ಧ ಡಜನ್. ಚಮಚ ಆರು, ಗ್ಲಾಸು ಆರು, ಕುರ್ಚಿ ಆರು, ಕರ್ಚೀಫು ಕೂಡ ಆರು. ಗಂಡ ಹೋದ ಮೇಲೆ ಅತ್ತೆ ಆ ತಟ್ಟೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದ್ದರು.

ಹಲ್ಲಕ್ಕನ ಗಂಡ ನೀರಿನ ಕಚೇರಿಯಲ್ಲಿ ಗುಮಾಸ್ತ. ಒಂದು ದಿನ ಅವನ ಸಾಹೇಬರು ಹೆಂಡತಿ ಮತ್ತು ಹೆಂಡತಿಯ ತಾಯಿಯನ್ನು ಕರೆದುಕೊಂಡು ಊಟಕ್ಕೆ ಬರುತ್ತೇನೆಂದರು. ಬರುವವರು ಮೂರು, ಮನೆಯವರು ಮೂರು. ಅತ್ತೆ ಅಟ್ಟದಿಂದ ಗಂಟು ಇಳಿಸಿ ಸೊಸೆಯ ಕೈಗೆ ಕೊಟ್ಟು, "ತೊಳೆದು ತಾ, ಜೋಪಾನ" ಎಂದರು. ಅವಳು ತೊಳೆದಳು, ಒರೆಸಿದಳು, ಮೇಜಿನ ಮೇಲೆ ಜೋಡಿಸಿದಳು. ಒಂದು ಕುರ್ಚಿಯ ಮುಂದೆ ತಟ್ಟೆಯಿಲ್ಲ.

"ಇನ್ನೊಂದೆಲ್ಲಿ?" ಎಂದರು ಅತ್ತೆ.

"ಇಷ್ಟೇ ಇತ್ತು ಅತ್ತೆ."

"ಇಷ್ಟೇ ಹೇಗಿರುತ್ತೆ? ನಾನು ಕಣ್ಣಾರೆ ಎಣಿಸಿ ಕಟ್ಟಿಟ್ಟಿದ್ದೀನಿ. ಯಾವ ಮನುಷ್ಯ ಐದು ತಟ್ಟೆ ತರ್ತಾನೆ?"

ಸಾಹೇಬರ ಎದುರು ಅತ್ತೆ ಏನೂ ಮಾತಾಡಲಿಲ್ಲ, ತಾವೇ ಸ್ಟೀಲ್ ತಟ್ಟೆಯಲ್ಲಿ ಉಂಡರು. ಬಂದವರು ಹೋದ ಮೇಲೆ ಶುರುವಾಯಿತು ನೋಡಿ. ಬೈಗುಳವಲ್ಲ, ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅತ್ತೆ ಮುಖ ಊದಿಸಿಕೊಂಡು ಮಾತು ಬಿಟ್ಟರು, ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ ಅದನ್ನು ಎರಡು ಬೆರಳಿನಿಂದ ದೂರ ತಳ್ಳುತ್ತಿದ್ದರು. ಮನೆಯಲ್ಲಿ ಉಸಿರಾಡಲೂ ಕಷ್ಟವಾಯಿತು. ಗಂಡನೆಂಬ ಮಹಾನುಭಾವ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಡುವವನು. ಅಮ್ಮನ ಕೋಣೆಯಲ್ಲಿ ಅಮ್ಮನಿಗೆ ಹೂಂಗುಟ್ಟಿ, ಅಡುಗೆಮನೆಗೆ ಬಂದು ಹೆಂಡತಿಗೆ ಹೂಂಗುಟ್ಟುತ್ತಿದ್ದ. ಕೊನೆಗೆ ಒಂದು ಸಂಜೆ ಅವಳ ಹತ್ತಿರ ಬಂದು, "ನೀನೇ ಒಡೆದೆ ಅಂತ ಒಂದು ಮಾತು ಹೇಳ್ಬಿಡೇ. ಅಮ್ಮ ಉಣ್ಲಿ. ಒಂದು ತಟ್ಟೆ ತಾನೇ" ಎಂದ.

ಅವಳು ಹೋಗಿ ಹೇಳಿದಳು. ಸೋಪಿನ ಕೈ, ಜಾರಿತು, ಚೂರುಗಳನ್ನು ಕಸದಲ್ಲಿ ಹಾಕಿದೆ, ಹೆದರಿಕೊಂಡು ಹೇಳಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟರು. ಅವಳ ತಲೆ ನೇವರಿಸಿ, "ಮೊದಲೇ ಹೇಳಬಾರದಾ ಹುಡುಗಿ. ಹೋಗ್ಲಿ, ಹೊಟ್ಟೆಗೆ ಹಾಕ್ಕೊಂಡೆ" ಎಂದು ಊಟಕ್ಕೆ ಎದ್ದರು. ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಉಂಡರು. ಅವಳಿಗೂ ಆವತ್ತು ನೆಮ್ಮದಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗೊತ್ತಾಯಿತು, ಹೊಟ್ಟೆಗೆ ಹಾಕಿಕೊಂಡದ್ದನ್ನು ಅತ್ತೆ ಆಗಾಗ ಹೊರಗೆ ತೆಗೆದು ತೋರಿಸುತ್ತಾರೆ ಎಂದು. ಬಂದ ನೆಂಟರ ಮುಂದೆ, ಟೈಲರಮ್ಮನ ಮುಂದೆ, ಅವಳದೇ ತವರಿನವರ ಮುಂದೆ. ನಗುನಗುತ್ತಲೇ ಹೇಳುತ್ತಿದ್ದರು. "ನಮ್ಮ ಯಜಮಾನರು ಸಮುದ್ರ ದಾಟಿಸಿ ತಂದಿದ್ದು, ಇವಳು ಅಡುಗೆಮನೆ ದಾಟಿಸಲಿಲ್ಲ. ಆದ್ರೂ ನಾನು ಒಂದು ಮಾತು ಅಂದಿಲ್ಲ, ಕೇಳಿ ಬೇಕಾದ್ರೆ." ಮನೆಯಲ್ಲಿ ಎಲ್ಲೇ ಏನೇ ಠಣ್ ಅಂದರೂ ಎಲ್ಲರ ಕಣ್ಣೂ ಅವಳ ಕಡೆಗೆ. ಬೆಕ್ಕು ಬೀಳಿಸಿದರೂ ಅಷ್ಟೆ. ಹಲ್ಲಿನ ಲ್ಯಾಬಿನಲ್ಲಿ ಅಷ್ಟು ವರ್ಷ ಅಷ್ಟು ನಾಜೂಕಿನ ಕೆಲಸ ಮಾಡಿದವಳು ಮನೆಯಲ್ಲಿ ಕೈಯಲ್ಲಿ ಏನೂ ನಿಲ್ಲದವಳು ಎನ್ನಿಸಿಕೊಂಡಳು.

ಇದಕ್ಕಿಂತ ವಿಚಿತ್ರ ಇನ್ನೊಂದು. ಹೇಳಿ ಹೇಳಿ, ಕೇಳಿ ಕೇಳಿ, ಆ ತಟ್ಟೆ ಒಡೆದದ್ದು ಅವಳಿಗೇ ನೆನಪಾಗತೊಡಗಿತು. ಸೋಪಿನ ನೊರೆಯಲ್ಲಿ ಅಂಚು ಜಾರಿದ್ದು, ಕಲ್ಲಿಗೆ ಬಡಿದ ಸದ್ದು, ಮೊಲದ ಒಂದು ಕಿವಿಯಿದ್ದ ಚೂರು ಮೋರಿಯ ಜಾಲರಿಯಲ್ಲಿ ಸಿಕ್ಕಿಕೊಂಡದ್ದು. ನಾನು ಒಡೆದಿಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಧೈರ್ಯ ಒಳಗೇ ಕರಗಿ ಹೋಯಿತು. ಒಡೆದಿರಬಹುದು ಎಂದುಕೊಂಡಳು. ಒಡೆದೆ ಎಂದುಕೊಂಡಳು. ಆಮೇಲೆ ಆ ಜಾಗದಲ್ಲಿ ಏನೂ ಅನ್ನಿಸುವುದೇ ನಿಂತುಹೋಯಿತು. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ವಸಡಿನ ಹಾಗೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ಹುಡುಕಾಟ ಹಾಗೆ ಶುರುವಾಯಿತು. ವಾರದ ಸಂತೆಯಲ್ಲಿ ನೆಲದ ಮೇಲೆ ಹಾಸಿದ ಹಳೇ ಸಾಮಾನು, ಮನೆ ಖಾಲಿ ಮಾಡುವವರ ಹರಾಜು, ಸೇತುವೆಯ ಕೆಳಗಿನ ಗುಜರಿ ಅಂಗಡಿ. ಓದಿ ಕಲಿತದ್ದೇನಿಲ್ಲ, ಎತ್ತಿ ಎತ್ತಿ ನೋಡಿ ಕೈಗೆ ಬಂದದ್ದು. ತಟ್ಟೆಯನ್ನು ಮೊದಲು ಬೋರಲು ಹಾಕಿ ಬೆನ್ನು ನೋಡುತ್ತಿದ್ದಳು. ಬೆರಳ ತುದಿಯ ಮೇಲೆ ನಿಲ್ಲಿಸಿ ಉಗುರಿನಿಂದ ತಟ್ಟುತ್ತಿದ್ದಳು. ಬಿರುಕು ಇದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತದೆ, ಇಲ್ಲದಿದ್ದರೆ ಬಹಳ ಹೊತ್ತು ಉಳಿಯುತ್ತದೆ. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ಮೊಲದ ತಟ್ಟೆಯ ಒಂದು ಫೋಟೋ ತೋರಿಸಿ, "ಇಂಥದ್ದು ಒಂದು ಬಂದ್ರೆ ಹೇಳಿ" ಎನ್ನುವುದು, ಅಷ್ಟೆ. ಮನೆಯಲ್ಲಿ ಎಷ್ಟಿವೆ, ಯಾಕೆ ಬೇಕು, ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮಾನ ಹೋಗುವ ಮಾತು ತಾನೇ.

ಹಾಗೆ ಹುಡುಕುವಾಗ ಕೆಲವೊಮ್ಮೆ ಐದು ತಟ್ಟೆಗಳ ಕಟ್ಟು ಕಾಣುತ್ತಿತ್ತು. ಐದು ಬಟ್ಟಲು, ಐದು ಸಾಸ್ ಬಟ್ಟಲು. ಪ್ರತಿ ಸಲವೂ ಅವಳು ಎಣಿಸಿ, ಪಾಪ, ಇಲ್ಲೂ ಒಂದನ್ನು ಯಾರೋ ಒಡೆದಿದ್ದಾರೆ ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದಳು. ಆ ಮನೆಯಲ್ಲೂ ಒಬ್ಬ ಸೊಸೆ ಇದ್ದಾಳೆ, ಅವಳೂ ಹೊಟ್ಟೆಗೆ ಹಾಕಿಸಿಕೊಂಡಿದ್ದಾಳೆ ಎಂದು ಅವಳ ಲೆಕ್ಕ. ಜಪಾನಿನವರು ಮಾಡಿದ್ದನ್ನೆಲ್ಲ ಲೋಕದ ಸೊಸೆಯರು ಒಂದೊಂದಾಗಿ ಒಡೆದು ಹಾಕಿದ್ದಾರೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದಳಲ್ಲ, ಇದಕ್ಕೆ ನಗಬೇಕೋ ಅಳಬೇಕೋ ನನಗಂತೂ ತಿಳಿಯದು.

ಸ್ಟೇಷನ್ ಹಿಂದಿನ ಓಣಿಯಲ್ಲಿ ಒಬ್ಬ ಹಳೇ ಸಾಮಾನಿನ ಮುದುಕನಿದ್ದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ನೇತಾಡುತ್ತಿದ್ದುದರಿಂದ ಅವನಿಗೆ ಭೂತಗನ್ನಡಿ ಎಂದೇ ಹೆಸರು. ಒಂದು ಮಧ್ಯಾಹ್ನ ಅವನು ಲ್ಯಾಬಿಗೆ ಫೋನ್ ಮಾಡಿದ. "ನಿಮ್ಮ ಮೊಲ ಬಂದಿದೆ."

ಅವಳು ಕೈಯಲ್ಲಿದ್ದ ಮುಂಭಾಗದ ಹಲ್ಲನ್ನು ಪೂರ್ತಿ ಮುಗಿಸಿ, ಕುಂಚ ತೊಳೆದು, ಸಂಜೆ ಹೋದಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಡಿಯಾರ, ದೀಪ, ಕಾಲು ಮುರಿದ ಕುರ್ಚಿಗಳ ನಡುವೆ ಮುದುಕ ಒಂದು ವೃತ್ತಪತ್ರಿಕೆಯ ಪೊಟ್ಟಣ ಬಿಚ್ಚಿದ. ನೀಲಿ ಅಲೆ. ಹಿಂದಕ್ಕೆ ನೋಡುವ ಮೊಲ. ಅವಳು ಬೋರಲು ಹಾಕಿದಳು, ಬೆನ್ನೂ ಅದೇ. ತಟ್ಟಿದಳು, ಸದ್ದು ಬಹಳ ಹೊತ್ತು ಉಳಿಯಿತು. ಇಷ್ಟು ವರ್ಷ ಕಾದದ್ದು ಕೈಯಲ್ಲಿದೆ, ಆದರೂ ಏನೂ ಅನ್ನಿಸಲಿಲ್ಲ. ಕೈಚೀಲ ತೆಗೆಯಲು ಹೋದಳು.

"ನಿಮ್ಮ ಹತ್ರ ಎಷ್ಟಿವೆ ಇಂಥವು?" ಮುದುಕ ಸುಮ್ಮನೆ ಕೇಳಿದ.

ಸಿಕ್ಕಾಯಿತಲ್ಲ, ಇನ್ನು ಮುಚ್ಚಿಡುವುದೇನು. "ಐದು. ಒಂದು ಹೋಗಿತ್ತು."

"ಅಂದ್ರೆ ಆರಿತ್ತಾ?"

"ಹೂಂ. ಆರನೇದನ್ನ ನಾನು ಒಡೆದೆ."

ಭೂತಗನ್ನಡಿ ಅವಳನ್ನೇ ನೋಡಿದ. "ಆರು ಹೇಗಿರುತ್ತೆ ತಾಯಿ? ಅವರು ಇಂಥವನ್ನ ಕಟ್ಟೋದೇ ಐದೈದು. ತಟ್ಟೆ ಐದು, ಬಟ್ಟಲು ಐದು. ನಮಗೆ ಅರ್ಧ ಡಜನ್ ಹೇಗೋ ಅವರಿಗೆ ಐದು ಹಾಗೆ. ಐದಿದ್ರೆ ನಿಮ್ಮದು ತುಂಬಿದ ಸೆಟ್ಟು." ಅಷ್ಟು ಹೇಳಿ ಹಿಂದಿನ ಕಪಾಟಿನಿಂದ ಒಂದು ಮರದ ಪೆಟ್ಟಿಗೆ ತೆಗೆದು ಮುಚ್ಚಳ ಸರಿಸಿದ. ಒಳಗೆ ಬಟ್ಟಲು ಕೂರಿಸುವ ಕುಳಿಗಳು ಐದೇ, ಐದೂ ತುಂಬಿದ್ದವು. "ಇಷ್ಟು ವರ್ಷದಿಂದ ತಗೋತಿದ್ದೀರಿ. ಐದರ ಕಟ್ಟು ಒಂದೂ ನೋಡಿರಲಿಲ್ವಾ?"

"ನೋಡಿದ್ದೆ. ಅವೂ ಒಂದೊಂದು ಒಡೆದಿರ್ಬೇಕು ಅಂದ್ಕೊಂಡಿದ್ದೆ."

"ಎಲ್ಲಾನೂವಾ?"

"ಎಲ್ಲಾನೂ."

ಮುದುಕ ಗೊಳ್ಳೆಂದು ನಕ್ಕ. ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ, ತಟ್ಟೆಯನ್ನು ಮತ್ತೆ ಸುತ್ತತೊಡಗಿದ. ಅವಳು ಬೇಡವೆಂದಳು. "ಇದು ಯಾರ ಮನೆಯದ್ದೋ. ಅಲ್ಲಿ ನಿಜವಾಗ್ಲೂ ಒಂದು ಕಮ್ಮಿ ಇರುತ್ತೆ. ಹುಡುಕ್ಕೊಂಡು ಬಂದ್ರೆ ಕೊಡಿ."

ಬಸ್ ಸ್ಟಾಪಿನಲ್ಲಿ ನಿಂತು ಅವಳು ಒಂದೇ ವಿಷಯ ಯೋಚಿಸಿದಳು. ಹಾಗಾದರೆ ಕಿವಿಯಲ್ಲಿ ಇಷ್ಟು ವರ್ಷ ಕೇಳುತ್ತಿರುವ ಸದ್ದು ಯಾವ ತಟ್ಟೆಯದು? ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬರಬಹುದೆಂದು ಕರ್ಚೀಫು ಕೈಯಲ್ಲಿ ಹಿಡಿದುಕೊಂಡಿದ್ದಳು, ಅದೂ ಬರಲಿಲ್ಲ. ಒಂದೇ ಒಂದು ಆಸೆ ಮಾತ್ರ ತಳದಲ್ಲಿ ಇತ್ತು. ಮನೆಯಲ್ಲಿ ಯಾರಾದರೂ ಒಬ್ಬರು, ಒಂದೇ ಸಲ, ನೀನು ಒಡೆದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟು ಸಾಕು.

ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಬ್ರೆಡ್ಡು ಕತ್ತರಿಸುತ್ತಿದ್ದ. ಅವಳು ಚಪ್ಪಲಿ ಬಿಟ್ಟು ನೇರ ಅವನ ಮುಂದೆ ನಿಂತಳು. "ಆ ಸೆಟ್ಟು ಐದರದ್ದಂತೆ. ಜಪಾನಿನವರು ಆರು ಮಾಡೋದೇ ಇಲ್ವಂತೆ."

ಗಂಡ ಚಾಕು ನಿಲ್ಲಿಸಲಿಲ್ಲ. "ಹೂಂ, ಐದೇ ಇದ್ವು" ಎಂದ.

"ಏನಂದ್ರಿ?"

"ಅಪ್ಪ ಟ್ರಂಕು ಬಿಚ್ಚಿದಾಗ ನಾನೇ ಎತ್ತಿಟ್ಟಿದ್ದೆ. ಐದೇ ಇದ್ವು. ಆಗ ನಾನು ಸ್ಕೂಲಲ್ಲಿದ್ದೆ."

"ಆವತ್ತು ಹೇಳ್ಬಹುದಿತ್ತಲ್ಲ."

"ಅಮ್ಮ ಆರು ಅಂತ ಹಟ ಹಿಡಿದಿದ್ರು. ಅಮ್ಮನ್ನ ಸುಳ್ಳಿ ಅನ್ನೋಕಾಗುತ್ತಾ? ನೀನು ಒಪ್ಕೊಂಡೆ, ಮುಗೀತು. ನೀನೂ ಮರೆತುಬಿಟ್ಟಿದ್ದೀಯ ಅಂದ್ಕೊಂಡಿದ್ದೆ." ಬ್ರೆಡ್ಡಿನ ತುಂಡುಗಳನ್ನು ಅವನು ಒಪ್ಪವಾಗಿ ಜೋಡಿಸಿದ. ಕೆಟ್ಟ ಮನುಷ್ಯನಲ್ಲ ಅವನು, ಅದನ್ನೂ ಹೇಳಿಬಿಡುತ್ತೇನೆ. ಹೆಂಡತಿಗೆ ಜ್ವರ ಬಂದರೆ ಕಾಲೊತ್ತುವವನು. ಆದರೆ ಇಂಥವರು ಮಾಡುವ ಅನಾಹುತ ಕೆಟ್ಟವರ ಕೈಯಲ್ಲೂ ಆಗುವುದಿಲ್ಲ.

"ಬನ್ನಿ" ಎಂದಳು ಅವಳು. "ಅದನ್ನೇ ಅತ್ತೆಯ ಮುಂದೆ ಹೇಳಿ."

ಅತ್ತೆ ಊಟದ ಮೇಜಿಗೆ ಬಂದು ಕೂತಾಗಿತ್ತು. ವಯಸ್ಸು ಬಹಳ, ಕಾಲಿಗೆ ಬಲವಿಲ್ಲ, ಬಾಯಿ ಮಾತ್ರ ಚುರುಕು. ಹಲ್ಲಕ್ಕ ಸೂಪು ಬಡಿಸಿ, ಬ್ರೆಡ್ಡು ಇಟ್ಟು, ನಿಂತುಕೊಂಡೇ ಹೇಳಿದಳು. ಭೂತಗನ್ನಡಿ ಹೇಳಿದ್ದನ್ನು ಹೇಳಿದಳು, ಐದು ಕುಳಿಯ ಪೆಟ್ಟಿಗೆಯ ವಿಷಯ ಹೇಳಿದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ತಟ್ಟೆ ಐದೇ ಇದ್ದಿದ್ದು ಅತ್ತೆ. ನಾನು ಒಡೆದಿಲ್ಲ."

ಅತ್ತೆ ಚಮಚ ಕೆಳಗಿಟ್ಟರು. "ನೀನೇ ಬಂದು ಒಪ್ಕೊಂಡ್ಯಲ್ಲ."

"ನೀವು ಊಟ ಮಾಡ್ಲಿ ಅಂತ ಹೇಳಿದೆ."

"ಸುಳ್ಳು ಹೇಳಿದ್ಯಾ?"

"ಹೂಂ."

ಅತ್ತೆಯ ಮುಖ ಒಂದು ಗಳಿಗೆ ಮಗುವಿನ ಮುಖದಂತೆ ಆಯಿತು. ನಿಜವಾಗಿಯೂ ಗಾಬರಿಯಾಗಿತ್ತು ಮುದುಕಿಗೆ. "ಹಾಗಾದ್ರೆ ಇಷ್ಟು ವರ್ಷ ನಾನು ಹೊಟ್ಟೆಗೆ ಹಾಕ್ಕೊಂಡಿದ್ದು ಏನನ್ನ?"

ಅತ್ತೆ ಮಗನ ಕಡೆಗೆ ತಿರುಗಿದರು. "ಟ್ರಂಕು ಬಿಚ್ಚಿದಾಗ ನೀನಿದ್ಯಲ್ಲ. ನೀನೇ ಹೇಳಪ್ಪ. ಎಷ್ಟಿದ್ವು?"

ಗಂಡ ಅಮ್ಮನನ್ನು ನೋಡಿದ. ಹೆಂಡತಿಯನ್ನು ನೋಡಿದ. ಸೂಪನ್ನು ನೋಡಿದ. "ಆರಿತ್ತಮ್ಮ" ಎಂದ.

ಹಲ್ಲಕ್ಕ ಅವನ ಕಡೆಗೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಮುಖಕ್ಕೆ ರಕ್ತ ಮರಳಿತು. ಗೆದ್ದವರ ದೊಡ್ಡತನದಲ್ಲಿ, "ಹೋಗ್ಲಿ ಬಿಡು, ಆವತ್ತಿನದನ್ನ ನಾನು ಆವತ್ತೇ ಬಿಟ್ಟಿದ್ದೀನಿ. ಕೂತ್ಕೋ, ಉಣ್ಣು" ಎಂದರು.

"ಐದು" ಎಂದಳು ಹಲ್ಲಕ್ಕ.

"ಆರು ಅಂತ ನನ್ನ ಮಗನೇ ಹೇಳ್ತಿದ್ದಾನೆ."

"ಐದು ಅತ್ತೆ."

ಮುದುಕಿ ಎರಡು ಬೆರಳಿನಿಂದ ಸೂಪಿನ ಬಟ್ಟಲನ್ನು ಮೆಲ್ಲನೆ ದೂರ ತಳ್ಳಿದರು. ಗೋಡೆ ಹಿಡಿದುಕೊಂಡು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗಂಡ ಹಿಂದೆಯೇ ಹೋದ, ಹೋದಷ್ಟೇ ಬೇಗ ಬಂದ. ಹೆಂಡತಿಯ ಕುರ್ಚಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವನ ಹಾಗೆ ಪಿಸುಗುಟ್ಟಿದ. "ಒಂದು ಮಾತು ಹೇಳ್ಬಿಡೇ. ವಯಸ್ಸಾದ ಜೀವ. ಹಸಿದು ಮಲಗ್ತಾರೆ."

ಅವಳು ಅಷ್ಟರಲ್ಲಿ ಕೂತಿದ್ದಳು. ಬ್ರೆಡ್ಡು ಮುರಿದು ಸೂಪಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಕೋಣೆಯ ಒಳಗಿನಿಂದ ನರಳುವ ಸದ್ದು ಕೇಳಿಸಿತು, ಬಾಗಿಲಿನಾಚೆಗೂ ಕೇಳಿಸಬೇಕಾದಷ್ಟೇ ಜೋರಾಗಿ. ಗಂಡ ಅವಳ ಭುಜದ ಮೇಲೆ ಕೈಯಿಟ್ಟ. "ಕೇಳಿಸ್ತಾ ಇಲ್ವಾ?"

"ಕೇಳಿಸ್ತಿದೆ" ಎಂದಳು. ಅವನ ಕೈ ಭುಜದ ಮೇಲೆ ಇರುವಂತೆಯೇ ಬಟ್ಟಲಿನ ಸೂಪನ್ನು ಕುಡಿದು ಮುಗಿಸಿದಳು. ಹಸಿವು ಇನ್ನೂ ಇತ್ತು. ಪಾತ್ರೆ ಹತ್ತಿರ ಎಳೆದುಕೊಂಡು ಎರಡನೆಯ ಸಲ ಬಡಿಸಿಕೊಂಡಳು.